ಮೋಜಿನ ದೋಣಿಗೆ ಹಳೆಯ ಬ್ಯಾಟರಿ

ಉಡುಪಿಯ ಅಂಗಡಿಯೊಂದರಲ್ಲಿ ‘ಹೊಸತು’ ಎಂದು ನನ್ನ ಮುಂದಿಟ್ಟ ಬ್ಯಾಟರಿಯ ಸ್ಟಿಕ್ಕರಿನ ಅಂಚು ಎದ್ದಿತ್ತು. ಉಗುರಿನಿಂದ ಎಳೆದಾಗ ಅಡಿಯಲ್ಲಿ ಇನ್ನೊಂದು ಸ್ಟಿಕ್ಕರ್ ಕಂಡಿತು. ಅದರಲ್ಲಿದ್ದ ತಾರೀಖು ವರ್ಷಗಳಷ್ಟು ಹಿಂದಿನದು. ಸಾಲದ್ದಕ್ಕೆ ಅದು ಕಾರಿನ ಬ್ಯಾಟರಿ. ದೋಣಿಗೆ ಬೇಕೆಂದು ನಾನು ಮೊದಲೇ ಹೇಳಿದ್ದೆ.

ಅಂಗಡಿಯವರಿಗೆ ನಾಚಿಕೆಯೇನೂ ಆಗಲಿಲ್ಲ. “ನಿಮ್ಮದು ಮೋಜಿನ ದೋಣಿ ಅಲ್ವಾ ಅಕ್ಕ? ಅದಕ್ಕೆ ಇದು ಧಾರಾಳ ಸಾಕು. ನೀವೆಂತ ಮೀನು ಹಿಡಿಯಲಿಕ್ಕೆ ಹೋಗ್ತೀರಾ?” ಎಂದು ನಕ್ಕರು.

ನನ್ನ ಮೈಯೆಲ್ಲ ಉರಿದುಹೋಯಿತು. ಕಾಪು ಕಡೆಯ ಹೊಳೆಯಲ್ಲಿರುವ ಆ ಪುಟ್ಟ ದೋಣಿಯಲ್ಲಿ ಭಾನುವಾರ ಕೂರುವುದು ಪಾರ್ಶ್ವವಾಯುವಿನಿಂದ ಎಡಗೈ, ಎಡಗಾಲು ಸ್ವಾಧೀನ ತಪ್ಪಿದ ನನ್ನ ಅಪ್ಪ. ಹಿಂದಿನ ವಾರವಷ್ಟೇ ಬ್ಯಾಟರಿ ಕೈಕೊಟ್ಟು ಇಂಜಿನ್ ನಿಂತು, ಇಳಿತದ ಸೆಳೆತಕ್ಕೆ ದೋಣಿ ಹೊಳೆ ಸಮುದ್ರ ಸೇರುವ ಅಳಿವೆಯತ್ತ ಜಾರಿದಾಗ, ನಾನೂ ಗಂಡನೂ ಹುಟ್ಟು ಹಾಕಿ ಹೇಗೋ ದಡ ಸೇರಿಸಿದ್ದೆವು.

“ಅಳಿವೆಯಲ್ಲಿ ಇಂಜಿನ್ ನಿಂತರೆ, ಮೋಜಿಗೆ ಬಂದವರು ಅಂತ ಸಮುದ್ರ ಬಿಟ್ಟು ಕಳಿಸ್ತದಾ?” ಎಂದು ಕೇಳಿದೆ. ಅವರು ಸ್ಟಿಕ್ಕರನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಅಂಟಿಸಿದರು.

ಮಣಿಪಾಲದ ಅಂಗಡಿಯೊಂದರಲ್ಲಿ ದೋಣಿಗೆಂದೇ ತಯಾರಾದ ಬ್ಯಾಟರಿ ಸಿಕ್ಕಿತು. ನನ್ನೆದುರೇ ಪರೀಕ್ಷಿಸಿ ಕೊಟ್ಟರು. ಅಪ್ಪ ಮತ್ತೆ ಹೊಳೆಯ ನೀರಿಗೆ ಬಲಗೈ ಇಳಿಬಿಟ್ಟು ಕೂರುತ್ತಾರೆ. ನನ್ನ ಸಿಟ್ಟು ಮಾತ್ರ ಆರಿಲ್ಲ. ನಾನು ಬೇಡವೆಂದ ಬ್ಯಾಟರಿಯನ್ನು ಉಡುಪಿಯ ಆ ಅಂಗಡಿಯವರು ಎಸೆದಿರಲಾರರು. ಇಂದು ಅದು ಯಾರ ದೋಣಿಯಲ್ಲಿದೆಯೋ.