ಚೆಲುವಣ್ಣನ ಅಂಗಡಿಯ ಖಾಲಿ ಜಾಗ

ಇವತ್ತು ಬೆಳಗ್ಗೆ ನನ್ನ ಹೆಬ್ಬೆರಳಿಗೆ ಹೊಕ್ಕಿದ್ದ ಒಂದು ಸಿಬಿರನ್ನು ತೆಗೆಸಿಕೊಳ್ಳಲು ಜಗಲಿಯ ಬಿಸಿಲಿನಲ್ಲಿ ಹೆಂಡತಿಯ ಮುಂದೆ ಕೈ ಚಾಚಿ ಕೂತಿದ್ದೆ. ಅವಳು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಸೇಫ್ಟಿ ಪಿನ್ನಿನಿಂದ ಮೆಲ್ಲಗೆ ಕೆದಕುತ್ತಾ, "ಮೂವತ್ತಮೂರು ವರ್ಷ ಚಾಕ್‌ಪೀಸ್ ಹಿಡಿದ್ರಿ. ಒಂದು ದಿನಾನೂ ಕೈಗೆ ಏನೂ ಚುಚ್ಚಿಸ್ಕೊಂಡು ಬಂದೋರಲ್ಲ. ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ ರೀ?" ಅಂದಳು. ಪಿನ್ನಿನ ತುದಿಯಲ್ಲಿ ಸಿಬಿರು ಹೊರಗೆ ಬಂದಾಗ ಅದನ್ನು ಬೆಳಕಿಗೆ ಹಿಡಿದು ನೋಡಿ, "ಹೊನ್ನೆ" ಅಂದೆ.

"ಏನು?"

"ಹೊನ್ನೆ ಮರದ್ದು ಕಣೇ. ಹಲಸಾಗಿದ್ರೆ ಹಳದಿ ಇರೋದು."

ಅವಳು ನನ್ನನ್ನು ಒಮ್ಮೆ ನೋಡಿ, ಪಿನ್ನನ್ನು ಬಳೆಗೆ ಸಿಕ್ಕಿಸಿಕೊಂಡು ಒಳಗೆ ಹೋದಳು.

ಗಣಿತದ ಮೇಷ್ಟ್ರೊಬ್ಬನ ಬೆರಳಿಗೆ ಹೊನ್ನೆ ಮರ ಹೊಕ್ಕ ಬಗೆಯನ್ನು ನಿಮಗಾದರೂ ಹೇಳಬೇಕು. ಮನೆಯಲ್ಲಿ ಕೇಳುವವರಿಲ್ಲ.

ನಾನು ಹುಣಸೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ನಿವೃತ್ತಿಯ ಮಾರನೆಯ ವಾರವೇ ಅಡುಗೆಮನೆಯ ಪಾತ್ರೆಗಳ ಮುಚ್ಚಳಗಳನ್ನೆಲ್ಲ ಇಳಿಸಿ, ವ್ಯಾಸದ ಪ್ರಕಾರ ಏರಿಕೆ ಕ್ರಮದಲ್ಲಿ ಜೋಡಿಸಿದೆ. ಹೆಂಡತಿಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ಸಾರಿನ ಪಾತ್ರೆಯ ಮುಚ್ಚಳ ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ತಟ್ಟೆ ಮುಚ್ಚಿದ ಅವಳು, "ಹೊರಗಡೆ ಎಲ್ಲಾದ್ರೂ ಹೋಗಿ ಬನ್ನಿ. ದಿನಾ ಹೋಗಿ ಬನ್ನಿ" ಅಂದಳು. ಮುರಿದ ಕಾಲಿನ ಕುರ್ಚಿಯೊಂದು ಮನೆಯಲ್ಲಿ ಬಿದ್ದಿತ್ತು. ಅದನ್ನು ರಿಪೇರಿ ಮಾಡಿಸುವ ನೆಪದಲ್ಲಿ ಚೆಲುವಣ್ಣನ ಮರಗೆಲಸದ ಅಂಗಡಿಗೆ ಹೋದೆ. ಅರ್ಧ ಗಂಟೆಯಲ್ಲಿ ಕಾಲು ಸರಿಯಾಯಿತು. ಗಟ್ಟಿಯಾಗಿದೆಯೋ ಇಲ್ಲವೋ ನೋಡೋಣ ಅಂತ ಅಲ್ಲೇ ಮೂಲೆಯಲ್ಲಿ ಹಾಕಿಕೊಂಡು ಕೂತೆ. ಆರು ವರ್ಷ ಕೂತೆ.

ಚೆಲುವಣ್ಣ ಬೆಟ್ಟದಪುರದ ಕಡೆಯವರು. ಬೇಸಾಯದ ಮನೆತನ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗಳಿಗೆ ಬಾಗಿಲು ಮಾಡಿಕೊಡುತ್ತಾ ಮಾಡಿಕೊಡುತ್ತಾ ಹೊಲ ತಮ್ಮನಿಗೆ ಬಿಟ್ಟು, ಹುಣಸೂರಿಗೆ ಬಂದು ಅಂಗಡಿ ಹಾಕಿದವರು. ಮಾತು ಕಡಿಮೆ. ಆ ಕೊರತೆಯನ್ನು ನಾನು ತುಂಬಿದೆ. ಬೆಳಗ್ಗೆ ಹತ್ತಕ್ಕೆ ಪೇಪರ್ ಹಿಡಿದು ಹೋಗಿ, ಕಾಲು ಚಾಚಿ ಕೂತು, ಮಿಷನ್ನಿನ ಸದ್ದು ನಿಂತಾಗಲೆಲ್ಲ ಒಂದೊಂದು ಸುದ್ದಿ ಓದಿ ಹೇಳುತ್ತಿದ್ದೆ. ಗಿರಾಕಿಗಳು ಬಂದರೆ ತೇಗಕ್ಕೂ ಮತ್ತಿ ಮರಕ್ಕೂ ಇರುವ ವ್ಯತ್ಯಾಸವನ್ನು ವಿವರಿಸುತ್ತಿದ್ದೆ. ಆಗ ನನಗೆ ಎರಡರ ಗುರುತೂ ಸಿಕ್ಕುತ್ತಿರಲಿಲ್ಲ ಅನ್ನುವುದು ಬೇರೆ ವಿಷಯ. ನಾನಿಲ್ಲದಿದ್ದರೆ ಆ ಅಂಗಡಿ ನಡೆಯುವುದು ಕಷ್ಟ ಅಂತ ಮನಸ್ಸಿನಲ್ಲೇ ನಂಬಿದ್ದೆ.

ಚೆಲುವಣ್ಣನಿಗೆ ಒಂದು ಅಭ್ಯಾಸ. ಕೊಯ್ದು ಮಿಕ್ಕ ಮರದ ತುಂಡನ್ನು ಅವರು ಎಸೆಯುವುದಿಲ್ಲ. ಒಂದು ಗೇಣಿನದಾಗಲಿ, ನಾಲ್ಕು ಬೆರಳಿನದಾಗಲಿ, ತಿರುಗಿಸಿ ಮುರುಗಿಸಿ ನೋಡಿ, "ಇದು ಯಾವುದುಕ್ಕಾರ ಬತ್ತದೆ" ಅಂತ ಗೋಡೆಗೆ ಒರಗಿಸುತ್ತಾರೆ. ಹಾಗೆ ಒರಗಿದ ತುಂಡುಗಳ ಹಿಂದೆ ಉಳಿ, ಉಳಿಗಳ ಹಿಂದೆ ತಿರುಪಿನ ಡಬ್ಬ, ಡಬ್ಬದ ಮೇಲೆ ಮತ್ತೆ ತುಂಡು. ಒಂದು ಬಾಗಿಲಿಗೆ ಎರಡು ಗಂಟೆ ಕೆಲಸವಾದರೆ, ಅದಕ್ಕೆ ಬೇಕಾದ ತಿರುಪು ಹುಡುಕಲು ಒಂದು ಗಂಟೆ. ಮಧ್ಯಾಹ್ನ ಊಟ ತರುವ ಅವರ ಹೆಂಡತಿ ಗೌರಮ್ಮ, ಕ್ಯಾರಿಯರ್ ಇಡಲು ಜಾಗ ಕಾಣದೆ ಕೈಯಲ್ಲೇ ಹಿಡಿದು ನಿಂತಿರುತ್ತಿದ್ದರು.

ಹೋದ ವರ್ಷ ಒಂದು ದಿನ, ಬಾಗಿಲ ಹಿಂದಿನ ಒಟ್ಟಿಲಿನೊಳಗೆ ಕೈ ಹಾಕಿ ಏನನ್ನೋ ಎಳೆಯಲು ಹೋದಾಗ ಅಷ್ಟೂ ತುಂಡುಗಳು ದಡದಡ ಜಾರಿ ಚೆಲುವಣ್ಣನ ಕಾಲ ಮೇಲೆ ಬಿದ್ದವು. ಹೆಬ್ಬೆಟ್ಟಿನ ಉಗುರು ಕಿತ್ತುಬಂದು, ಕಾಲು ಬದನೆಕಾಯಿಯ ಹಾಗೆ ಊದಿಕೊಂಡಿತು. ಆಸ್ಪತ್ರೆಯಿಂದ ಕಟ್ಟು ಕಟ್ಟಿಸಿಕೊಂಡು ಬಂದ ಗಂಡನ ಎದುರು ಗೌರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರು. "ನೋಡಿ, ಇದುನ್ನೆಲ್ಲಾ ಒಂದು ಕಡೀಕೆ ಇಡಾ ಹಂಗಿದ್ರೆ ಅಂಗ್ಡಿ ಬಾಗ್ಲು ತಗೀರಿ. ಇಲ್ದಿದ್ರೆ ನಾಳೀಕೆ ಅಷ್ಟನ್ನೂವೆ ಒಲೆಗಾಕ್ತೀನಿ. ನಾನೇನ್ ಸುಮ್ಕೆ ಅನ್ನಾಕಿಲ್ಲ."

ಚೆಲುವಣ್ಣನ ಮುಖ ಬಿಳುಚಿಕೊಂಡಿತು. ಕಾಲು ನೋವಿಗೆ ಹಾಗಾಗಿರಲಿಲ್ಲ.

"ಬೀರು ಒಂದು ಮಾಡವ" ಅಂದರು ಮೆಲ್ಲಗೆ. "ಜಾಗ ಎಲ್ಲೈತೆ?"

ಆಗ ನಾನು ಎದ್ದು ನಿಂತೆ. ಆ ಅಂಗಡಿಯಲ್ಲಿ ನಾನು ಎದ್ದು ನಿಲ್ಲುವುದೇ ಅಪರೂಪ. "ಜಾಗ ಇಲ್ಲ ಅನ್ನೋದು ತಪ್ಪು. ಜಾಗ ವ್ಯರ್ಥವಾಗ್ತಿದೆ ಅನ್ನೋದು ಸರಿ. ನನಗೆ ಎರಡು ದಿನ ಕೊಡಿ" ಅಂದೆ.

ಮಾರನೆಯ ದಿನ ಗ್ರಾಫ್ ಹಾಳೆ, ಪೆನ್ಸಿಲ್ಲು, ಟೇಪು ಹಿಡಿದು ಹೋದೆ. ಅಂಗಡಿಯ ಉದ್ದ, ಅಗಲ, ಎತ್ತರ, ಮಿಷನ್ನುಗಳ ಕಾಲಿನ ಸಂದು, ಬಾಗಿಲು ತೆರೆದಾಗ ಹಿಂದೆ ಉಳಿಯುವ ತ್ರಿಕೋನ, ಎಲ್ಲವನ್ನೂ ಅಳೆದು ನಕ್ಷೆ ಬರೆದೆ. ಖಾಲಿ ಜಾಗಗಳಿಗೆ ಅ, ಆ, ಇ ಅಂತ ಹೆಸರು ಕೊಟ್ಟೆ. ಕುಂಟುತ್ತಾ ಓಡಾಡುತ್ತಿದ್ದ ಚೆಲುವಣ್ಣನ ಮುಂದೆ ನಕ್ಷೆ ಹರಡಿದೆ. ಕೆಲಸದ ಮೇಜಿನ ಕೆಳಗೆ ಅಂದೆ. "ಅಲ್ಲಿ ಹೊಟ್ಟು ಬೀಳ್ತದೆ ಮೇಷ್ಟ್ರೇ, ದಿನಾ ಗುಡುಸ್ಬೇಕು." ಸೂರಿನ ಕೆಳಗೆ ಅಂದೆ. "ಮಳೆಗಾಲ್ದಲ್ಲಿ ತಗಡಿನ ಸೀಟು ಸೋರ್ತದೆ. ಈ ಕಾಲಲ್ಲಿ ಏಣಿ ಯಾರತ್ತೋರು?" ಬಾಗಿಲ ಹಿಂದೆ ಅಂದೆ. "ಉದ್ದುದ್ದ ಹಲ್ಗೆ ತಿರುಗ್ಸಿ ಒಳೀಕೆ ತಕ್ಕಬರದೇ ಅಲ್ಲಿಂದ." ಅ, ಆ, ಇ ಮುಗಿದು ಈ, ಉ, ಊ ಕೂಡ ಮುಗಿದವು.

ಊಟ ತಂದ ಗೌರಮ್ಮ ಬಗ್ಗಿ ನಕ್ಷೆ ನೋಡಿದರು. ಕಿಟಕಿ ಪಕ್ಕದ ಮೂಲೆಯಲ್ಲಿ ನಾನು ಒತ್ತೊತ್ತಾಗಿ ಗೆರೆ ಎಳೆದಿದ್ದ ಕಡೆ ಬೆರಳಿಟ್ಟು, "ಇಲ್ಲೇನು ಮೇಷ್ಟ್ರೇ, ಬರೀ ಗೀಟಾಕ್ಬುಟ್ಟಿದ್ದೀರಿ?" ಅಂದರು.

"ಅದು ಉಪಯೋಗದಲ್ಲಿರೋ ಜಾಗ" ಅಂದೆ.

"ಏನೈತೆ ಅಲ್ಲಿ?"

"ನಾನಿದೀನಲ್ಲ."

ಗೌರಮ್ಮ ನಿಜವಾಗಿಯೂ ಯೋಚನೆ ಮಾಡಿದರು. ಅವರಲ್ಲಿ ಚೂರೂ ಕೊಂಕಿರಲಿಲ್ಲ, ಅದೇ ದೊಡ್ಡ ಪೆಟ್ಟು. "ಅಂಗಾರೆ ಖಾಲೀನೇ ಅಲ್ವರಾ?" ಅಂದರು.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು. ಚೆಲುವಣ್ಣ ಗಡಿಬಿಡಿಯಲ್ಲಿ ಕ್ಯಾರಿಯರ್ ಬಿಚ್ಚಲು ಹೋಗಿ ಸಾರು ಚೆಲ್ಲಿಕೊಂಡರು. ನಾನು ಗಂಟಲು ಸರಿಮಾಡಿಕೊಂಡು, ಬೋರ್ಡಿನ ಮುಂದೆ ನಿಂತ ದನಿಯಲ್ಲಿ, "ಸರಿಯಾದ ಉತ್ತರ. ಮೂರಡಿ ಅಗಲ, ಏಳಡಿ ಎತ್ತರ, ಒಂದೂವರೆ ಅಡಿ ಆಳದ ಬೀರು ಸಲೀಸಾಗಿ ಕೂರುತ್ತೆ" ಅಂತ ಹೇಳಿ, ಅಳತೆಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು, ಪೇಪರ್ ಮಡಿಸಿಕೊಂಡು ಹೊರಟುಬಿಟ್ಟೆ.

"ಕೂತ್ಕಳಿ ಮೇಷ್ಟ್ರೇ" ಅಂತ ಹಿಂದಿನಿಂದ ಚೆಲುವಣ್ಣ ಕೂಗಿದ್ದು ಕೇಳಿಸಿತು. ಎಲ್ಲಿ ಅಂತ ಕೇಳಬೇಕೆನಿಸಿತು.

ಐದು ದಿನ ಮನೆಯಲ್ಲಿದ್ದೆ. ಮೂರನೆಯ ದಿನಕ್ಕೆ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕಾವಲು ನಿಂತಳು. ನನಗೆ ಮುಚ್ಚಳದ ಆಸೆಯೂ ಹೋಗಿತ್ತು. ಜಗಲಿಯಲ್ಲಿ ಕೂತು ಪೇಪರನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದೆ. ಆರು ವರ್ಷದ ಬಳಕೆಯನ್ನು ಒಂದು ಮಾತಿನಲ್ಲಿ ಖಾಲಿ ಅಂದುಬಿಟ್ಟರಲ್ಲ ಅಂತ ಒಮ್ಮೆ ಸಿಟ್ಟು, ಅದು ನಿಜವಲ್ಲವೇ ಅಂತ ಇನ್ನೊಮ್ಮೆ ಸಂಕಟ. ಸಿಟ್ಟಿದ್ದಾಗಲೇ ಚೆನ್ನಾಗಿತ್ತು.

ಆರನೆಯ ದಿನ ಬೆಳಗ್ಗೆ ಚೆಲುವಣ್ಣನ ಫೋನು ಬಂತು. "ಮೇಷ್ಟ್ರೇ, ನಿಮ್ ಚೀಟೀಲಿ ಇದು ಏಳಾ, ಒಂದಾ?"

"ಯಾವುದು?"

"ಅದೇ ಗೊತ್ತಾಯ್ತಿಲ್ಲ. ಯಾವುದ್ ನೋಡಿದ್ರೂ ಒಂದೇ ತರ ಅವೆ. ಬಂದು ಓದ್ಬುಡಿ ವಸಿ."

ಒಂದರ ಹಾಗೆ ಕಾಣುವ ಏಳನ್ನು ಬರೆದದ್ದಕ್ಕೆ ಮೂವತ್ತಮೂರು ವರ್ಷ ಮಕ್ಕಳ ಅಂಕ ಕತ್ತರಿಸಿದ ಕೈ ಇದು. ಚಪ್ಪಲಿ ಮೆಟ್ಟಿಕೊಂಡು ಹೋದೆ.

ಮೂಲೆ ಬರಿದಾಗಿತ್ತು. ನನ್ನ ಕುರ್ಚಿಯ ಮೇಲೆ ಅಂಟಿನ ಡಬ್ಬ ಕೂತಿತ್ತು. ಕೂರಲು ಎಡೆಯಿಲ್ಲದೆ ನಿಂತೇ ಚೀಟಿ ಓದಿದೆ. ಓದಿ ಮುಗಿಸುವ ಹೊತ್ತಿಗೆ ಚೆಲುವಣ್ಣ ಒಂದು ಉದ್ದ ಹಲಗೆಯ ಈ ತುದಿ ಹಿಡಿದು, "ಆ ಕಡೆ ತುದಿ ವಸಿ ಎತ್ಕಳಿ" ಅಂದರು. ಎತ್ತಿದೆ. ಭಾರವಿತ್ತು. ಅದನ್ನು ಕೆಳಗಿಳಿಸುವ ಮೊದಲೇ ಇನ್ನೊಂದರ ತುದಿ ತೋರಿಸಿದರು.

ಬೀರನ್ನು ಹೊಸ ಮರದಲ್ಲಿ ಮಾಡಲಿಲ್ಲ. ಗೋಡೆಗೊರಗಿದ್ದ ತುಂಡುಗಳನ್ನೇ ಒಂದಕ್ಕೊಂದು ಕೂಡಿಸಿ, ಅಂಟು ಹಾಕಿ ಹಲಗೆ ಮಾಡಿದೆವು. ತೇಗ, ಹೊನ್ನೆ, ಹಲಸು, ಕೊಡಗಿನ ಕಡೆಯ ಸಿಲ್ವರ್ ಓಕು, ಎಲ್ಲವೂ ಅಕ್ಕಪಕ್ಕ. ಕೆಳಗೆ ಉದ್ದ ತುಂಡುಗಳನ್ನು ನಿಲ್ಲಿಸಲು ಆಳದ ಖಾನೆ, ಮೇಲೆ ಚಿಕ್ಕವಕ್ಕೆ ಸಣ್ಣ ಸಣ್ಣ ಗೂಡು, ಬಾಗಿಲಿನ ಒಳಮೈಗೆ ಉಳಿಗಳು ಸಾಲಾಗಿ ನಿಲ್ಲುವಂತೆ ಪಟ್ಟಿ. ನಿಲ್ಲಿಸಿ ಗೋಡೆಗೆ ತಳ್ಳಿದರೆ ಒಂದು ಪಕ್ಕದಲ್ಲಿ ಬೆರಳು ತೂರುವಷ್ಟು ಸಂದು ಬಿಟ್ಟಿತು.

"ಸಾಧ್ಯವೇ ಇಲ್ಲ. ನನ್ನ ಲೆಕ್ಕ ಸರಿ ಇದೆ" ಅಂದೆ.

ಚೆಲುವಣ್ಣ ಮೂಲೆಮಟ್ಟವನ್ನು ಗೋಡೆಯ ಮೂಲೆಗಿಟ್ಟು ತೋರಿಸಿದರು. ಗೋಡೆ ಹೊರಕ್ಕೆ ಬಾಗಿತ್ತು. "ಪುಸ್ತಕ್ದಲ್ಲಿ ಮೂಲೆ ತೊಂಬತ್ತು ಡಿಗ್ರಿ ಇರ್ತದೆ ಮೇಷ್ಟ್ರೇ. ಇಲ್ಲಿ ಗಾರೆಯೋನು ಎಷ್ಟು ಕೊಟ್ಟವ್ನೋ ಅಷ್ಟು."

ಆಮೇಲೆ ಒಂದು ತೆಳು ಪಟ್ಟಿಯನ್ನು ಸಂದಿಗೆ ಹಿಡಿದು, ಗೋಡೆಯ ಡೊಂಕಿನುದ್ದಕ್ಕೂ ಪೆನ್ಸಿಲ್ಲು ಎಳೆಯುವುದನ್ನು, ಆ ಗೆರೆಯವರೆಗೆ ಮರ ಕೆರೆಯುವುದನ್ನು ತೋರಿಸಿಕೊಟ್ಟರು. ಮೂರು ಪಟ್ಟಿ ಹಾಳು ಮಾಡಿ ನಾಲ್ಕನೆಯದನ್ನು ಕೂರಿಸಿದೆ. ಅದರ ಮೇಲೆ ಧೈರ್ಯ ಬಂದು ಒಂದು ಡ್ರಾಯರನ್ನು ನಾನೇ ಮಾಡುತ್ತೇನೆ ಅಂದೆ. ಮಾಡಿದೆ. ಅದು ಸ್ವಲ್ಪ ಮೇಲಕ್ಕೆತ್ತಿ, ಎಡಕ್ಕೆ ವಾಲಿಸಿ, ಉಸಿರು ಬಿಗಿಹಿಡಿದು ಎಳೆದರೆ ಮಾತ್ರ ಬರುತ್ತದೆ. ಚೆಲುವಣ್ಣ ಎರಡು ಸಲ ಎಳೆದು ನೋಡಿ, "ಇರ್ಲಿ ಬುಡಿ. ಕಳ್ಳ ಬಂದ್ರೂ ತಗಿಯಾಕಾಗಾಕಿಲ್ಲ" ಅಂದರು.

ಎಲ್ಲ ಒಳಗೆ ಹೋಗಿ ಅಂಗಡಿಯ ನೆಲ ಕಂಡ ದಿನ ಗೌರಮ್ಮ ಪೊರಕೆ ಹಿಡಿದು ಬಂದು ಗುಡಿಸಿದರು. ನನಗೆ ಹೆಚ್ಚಿಗೆ ಒಂದು ಲೋಟ ಟೀ ಬಗ್ಗಿಸಿಕೊಟ್ಟರು. ನಮ್ಮಿಬ್ಬರ ನಡುವೆ ಖಾಲಿ ಅನ್ನುವ ಆ ಮಾತು ಮತ್ತೆ ಬರಲಿಲ್ಲ. ಟೀ ಕುಡಿದು ಚೆಲುವಣ್ಣ ಒಂದು ಎಂಟಡಿ ಹಲಗೆಯನ್ನು ನುಣುಪು ಮಾಡುವ ಮಿಷನ್ನಿಗೆ ಕೊಟ್ಟರು. ಹಲಗೆ ಒಂದೇ ಉಸಿರಿಗೆ ಆಚೆ ತುದಿಯಿಂದ ಹೊರಬಂದು, ಬೀರಿನ ಮುಂದೆ ಎರಡು ಗೇಣು ಬಿಟ್ಟು ನಿಂತಿತು.

"ಅಬ್ಬ" ಅಂದರು ಚೆಲುವಣ್ಣ, ತಮ್ಮಷ್ಟಕ್ಕೆ.

"ಯಾಕೆ? ಮುಂಚೆ ಹೇಗೆ ಮಾಡ್ತಿದ್ರಿ?"

ಅವರು ಹಲಗೆಯ ಮೇಲಿನ ಹೊಟ್ಟು ಒರೆಸುತ್ತಾ ನಿಂತರು. "ಉದ್ದುದ್ದವ ಆಚೆ ಬೀದೀಲಿಟ್ಟು ಕೈಯಲ್ಲೇ ಕೆರೀತಿದ್ದೆ. ಮಿಷನ್ಗೆ ಕೊಟ್ರೆ ನಿಮ್ ಕಾಲಿಗೆ ಬಡೀತಿತ್ತಲ್ಲ."

ಬೀರು ಒಂದೂವರೆ ಅಡಿ. ನಾನು, ಕುರ್ಚಿ, ಚಾಚಿದ ಕಾಲು ಸೇರಿ ನಾಲ್ಕಡಿ. ಅವರು ಬಿಸಿಲಿನಲ್ಲಿ ಹಲಗೆ ಕೆರೆಯುತ್ತಿದ್ದದ್ದನ್ನು ನಾನು ದಿನವೂ ನೋಡಿದ್ದೆ. ಅವರಿಗೆ ಗಾಳಿ ಬೆಳಕು ಇಷ್ಟ ಅಂದುಕೊಂಡು, ಅವರಿಗೆ ಕೇಳಿಸಲಿ ಅಂತ ಇನ್ನೂ ಗಟ್ಟಿಯಾಗಿ ಪೇಪರ್ ಓದುತ್ತಿದ್ದೆ.

"ಹೇಳಬಾರದಿತ್ತಾ ಚೆಲುವಣ್ಣ? ಆರು ವರ್ಷ!"

"ಎದ್ದೇಳಿ ಅನ್ನಾಕೆ ಬಾಯಿ ಬರ್ನಿಲ್ಲ ಮೇಷ್ಟ್ರೇ. ಆಮೇಲೆ ನೀವು ಬರಾದೇ ಬುಟ್ಬುಟ್ರೆ ಅಂತ."

ಇನ್ನೊಂದು ಎಂಟಡಿ ಹಲಗೆ ಕಾಯುತ್ತಿತ್ತು. ಹೋಗಿ ಅದರ ತುದಿ ಹಿಡಿದೆ. ಅವತ್ತಿನಿಂದ ಹಿಡಿಯುತ್ತಲೇ ಇದ್ದೇನೆ. ಮೊದಲ ತಿಂಗಳು ರಾತ್ರಿಯೆಲ್ಲ ಸೊಂಟ ನೋವು. ಎರಡನೆಯ ತಿಂಗಳಿಗೆ ಊಟ ಹೆಚ್ಚಾಯಿತು ಅಂತ ಹೆಂಡತಿಯ ದೂರು.

ಇವತ್ತು ಮಧ್ಯಾಹ್ನ ಅಂತರಸಂತೆಯಿಂದ ಒಬ್ಬರು ಗೂಡ್ಸ್ ಆಟೋದಲ್ಲಿ ಒಂದು ಕಿಟಕಿ ಬಾಗಿಲು ಹೇರಿಕೊಂಡು ಅಂಗಡಿಗೆ ಬಂದರು. ಚೌಕಟ್ಟಿಗೆ ಕೂರುತ್ತಿಲ್ಲವಂತೆ, ಅರ್ಧ ಇಂಚು ಹೆಚ್ಚಿದೆಯಂತೆ. ಹೋದ ವಾರ ಬಸ್ಸಿನಲ್ಲಿ ಅಲ್ಲಿಗೆ ಹೋಗಿ ಅಳತೆ ಬರೆದು ತಂದವನು ನಾನೇ.

"ಯಾರ್ರೀ ಅಳ್ತೆ ತಗಂಡಿದ್ದು?" ಅಂತ ಆತ ಕೂಗಾಡಿದರು.

ಚೆಲುವಣ್ಣ ತಾವು ಒಪ್ಪಿಕೊಳ್ಳಬಹುದಿತ್ತು, ಇಲ್ಲವೇ ಏನಾದರೂ ಹೇಳಿ ಸಮಾಧಾನ ಮಾಡಬಹುದಿತ್ತು. ತಲೆ ಎತ್ತದೆ ಪೆನ್ಸಿಲ್ಲಿನಿಂದ ನನ್ನ ಕಡೆ ತೋರಿಸಿದರು. "ಇವ್ರೇ. ಅವ್ರುನ್ನೇ ಕೇಳಿ."

ಆತ ನನ್ನ ಬಿಳಿ ತಲೆಯನ್ನು ನೋಡಿದರು. "ಏನ್ರೀ ಯಜಮಾನ್ರೇ, ಕೆಲ್ಸ ಮಾಡೋರು ನೋಡ್ಕಂಡು ಮಾಡಬ್ಯಾಡ್ವಾ?"

ಬೋರ್ಡಿನ ಮೇಲಿನ ತಪ್ಪನ್ನು ಡಸ್ಟರ್‌ನಿಂದ ಒರೆಸಿಬಿಡುತ್ತಿದ್ದೆ. ಮಕ್ಕಳೂ ಪಾಪ, ಒರೆಸಿಕೊಳ್ಳುತ್ತಿದ್ದವು. ಹೀಗೆ ಆಟೋದಲ್ಲಿ ಹೇರಿಕೊಂಡು ತಂದು ನನ್ನ ತಪ್ಪನ್ನು ನನ್ನ ಮುಂದೆ ಇಳಿಸಿದವರಿಲ್ಲ. "ತಪ್ಪಾಯ್ತು, ಈಗಲೇ ಸರಿ ಮಾಡ್ಕೊಡ್ತೀನಿ" ಅಂದೆ. ಕಿಟಕಿಯನ್ನು ಮೇಜಿಗೆ ಬಿಗಿದು, ಗೆರೆ ಹಾಕಿ, ಅರ್ಧ ಇಂಚನ್ನು ಕೆರೆಯುತ್ತಾ ಹೋದೆ. ಆತ ಪಕ್ಕದಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತು ಒಂದೊಂದು ಎಳೆತವನ್ನೂ ನೋಡುತ್ತಿದ್ದರು. ಬೈಸಿಕೊಂಡವನಿಗೆ ಬೇಸರವಾಗಬೇಕಿತ್ತು. ಆಗಲಿಲ್ಲ ಅನ್ನುವುದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಆಟೋ ಹೊರಟ ಮೇಲೆ ಚೆಲುವಣ್ಣ, "ನಾಳೀಕೆ ಕೆ.ಆರ್. ನಗರದೋರ ಮಂಚ ಐತೆ. ಬೆಳಗ್ಗೆ ಎಂಟಕ್ಕೆಲ್ಲಾ ಬಂದ್ಬುಡಿ" ಅಂದರು.

"ಎಂಟೂವರೆ?" ಅಂದೆ.

"ಎಂಟಕ್ಕೆ ಕಣ್ ಮೇಷ್ಟ್ರೇ."

ಎಂಟಕ್ಕೆ ಅಲ್ಲಿರಬೇಕಾದರೆ ಏಳೂವರೆಗೆ ಮನೆಯಲ್ಲಿ ತಿಂಡಿ ಆಗಬೇಕು. ಅದನ್ನು ಹೆಂಡತಿಗೆ ಹೇಗೆ ಹೇಳುವುದು ಅಂತ ಯೋಚಿಸುತ್ತಾ ಜಗಲಿಯಲ್ಲಿ ಕೂತಿದ್ದೇನೆ.