ಏಳು ಮೋಟರು, ಮೂರು ಪಾಲು

ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದೆ. ದಡದಡ ಉರುಳುತ್ತಿದ್ದ ಡ್ರಮ್ಮು ನಿಧಾನಕ್ಕೆ ನಿಂತಿತು. ಆದರೆ ಅರಿಸಿನ ಆರಿಸುವ ಚಿಕ್ಕತಾಯಮ್ಮನ ಸೆರಗು ಸಿಕ್ಕಿಕೊಂಡಿದ್ದ ಬೆಲ್ಟು ಮಾತ್ರ ತನ್ನ ಪಾಡಿಗೆ ತಾನು ಓಡುತ್ತಲೇ ಇತ್ತು.

ಮತ್ತೆ ಗುದ್ದಿದೆ. "ಅದು ನಿಲ್ಲಾಕಿಲ್ಲ ಬುದ್ದಿ, ಅದು ಚಿಕ್ಕೆಜಮಾನ್ರುದು" ಎಂದು ಯಾರೋ ಹಿಂದಿನಿಂದ ಕೂಗಿದರು.

ಇದು ನಡೆದದ್ದು ಕಳೆದ ವಾರ, ಭೀಮನಬೀಡಿನಲ್ಲಿ, ನನ್ನ ಅಕ್ಕನ ಮನೆಯವರ ಅರಿಸಿನದ ಮಿಲ್ಲಿನಲ್ಲಿ. ಬೇಯಿಸಿ ಒಣಗಿಸಿದ ಕೊಂಬನ್ನು ಮೇಲೆತ್ತಿ ಡ್ರಮ್ಮಿಗೆ ಸುರಿಯುವುದು, ಪಾಲಿಷ್ ಮಾಡುವುದು, ಜರಡಿ ಹಿಡಿಯುವುದು, ಕೊನೆಗೆ ಬೆಲ್ಟಿನ ಮೇಲೆ ಬಿಟ್ಟು ಹೆಂಗಸರ ಕೈಲಿ ಆರಿಸುವುದು. ಎಲ್ಲಕ್ಕೂ ಸೇರಿ ಏಳು ಮೋಟರು.

ಕೆಲವು ವರ್ಷದ ಹಿಂದೆ ಮೂವರು ಅಣ್ಣತಮ್ಮಂದಿರು ಭಾಗವಾದರು. ಜಮೀನು ಮೂರಾಯಿತು, ಮನೆ ಮೂರಾಯಿತು. ಮಿಲ್ಲು ಹೇಗೆ ಹಂಚುವುದು? ನೀವಾಗಿದ್ದರೆ ಏನು ಮಾಡುತ್ತಿದ್ದಿರೋ ಗೊತ್ತಿಲ್ಲ, ನಮ್ಮವರು ಮೋಟರು ಎಣಿಸಿದರು. ಎತ್ತುವುದು ಮತ್ತು ಡ್ರಮ್ಮಿನದು ಹಿರಿಯರಾದ ನಮ್ಮ ಭಾವನಿಗೆ. ಜರಡಿಯ ಎರಡು ನಡುವಿನವರಿಗೆ. ಬೆಲ್ಟಿನ ಎರಡು ಕಿರಿಯರಿಗೆ. ಉಳಿದದ್ದು ಧೂಳು ಎಳೆಯುವ ಫ್ಯಾನಿನ ಮೋಟರು. ಅದು ಯಾರಿಗೂ ಬೇಡವಾಯಿತು. (ಧೂಳು ಕುಡಿಯುವವರು ಪಾಲುದಾರರಲ್ಲವಲ್ಲ.) ಅಂದಿನಿಂದ ಫ್ಯಾನು ತಿರುಗಿಲ್ಲ. ಹೆಂಗಸರು ಸೊಂಟಕ್ಕೆ ಸಿಕ್ಕಿಸಿದ ಸೆರಗನ್ನು ಬಿಚ್ಚಿ ಮೂಗಿಗೆ ಹಿಡಿದುಕೊಂಡು ಕೆಲಸ ಮಾಡುತ್ತಾರೆ. ಚಿಕ್ಕತಾಯಮ್ಮನೂ ಹಾಗೇ ಹಿಡಿದುಕೊಂಡಿದ್ದಳು.

ಒಂದೊಂದು ಪಾಲಿಗೂ ಬೇರೆ ಮೀಟರು, ಬೇರೆ ಪ್ಯಾನೆಲ್ ಬೋರ್ಡು, ಬೇರೆ ಕೆಂಪು ಗುಂಡಿ. ಅಲ್ಲಿಂದ ಒಂದೊಂದು ಮೋಟರಿಗೂ ಪ್ರತ್ಯೇಕ ಕೇಬಲ್. ಒಬ್ಬರ ಕೇಬಲನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಹೊಸದು ಎಳೆದಾಗ ಹಳೆಯದನ್ನು ಯಾರೂ ಕೀಳುವುದಿಲ್ಲ, ಯಾವುದು ಯಾರದ್ದೋ ಎಂಬ ಭಯ. ತಲೆ ಎತ್ತಿದರೆ ಶಾವಿಗೆ ಒಣಹಾಕಿದ ಹಾಗೆ ಕಾಣುತ್ತದೆ. ಮೂರು ಬೋರ್ಡಿಗೂ ವಿಭೂತಿ, ಆಯುಧಪೂಜೆಗೆ ಮೂರು ಬೂದುಗುಂಬಳ. ಭಕ್ತಿಯಲ್ಲಿ ಯಾರೂ ಕಡಿಮೆ ಮಾಡಿಲ್ಲ.

ನಾನೂ ಸಾಚಾ ಅಲ್ಲ. ಹೋದ ಸಲದ ಪೂಜೆಗೆ ಹೋದಾಗ ಆ ಮೂರು ಬೋರ್ಡುಗಳ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿ, ಜೊತೆಗೊಂದು ನಗುವ ಇಮೋಜಿ ಒತ್ತಿದ್ದೆ. ಆಮೇಲೆ ಹೋಳಿಗೆ ತಿಂದು ಎದ್ದುಬಂದೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಸರಿ, ಬೆಲ್ಟಿಗೆ ಬನ್ನಿ. ಕಿರಿಯರ ಬೋರ್ಡು ತಗಡಿನ ಕೋಣೆಯೊಳಗೆ. ಕೋಣೆಗೆ ಬೀಗ. ಬೀಗದ ಕೈ ಕಿರಿಯರ ಜೇಬಿನಲ್ಲಿ. ಕಿರಿಯರು ಗುಂಡ್ಲುಪೇಟೆಯ ಯಾವುದೋ ನಾಮಕರಣದ ಪಂಕ್ತಿಯಲ್ಲಿ. ಇತ್ತ ಚಿಕ್ಕತಾಯಮ್ಮನ ಕೈ ರೋಲರಿನ ಬಾಯಿಗೆ ಬಂದಿತ್ತು. ಪಕ್ಕದಲ್ಲಿ ಆರಿಸುತ್ತಿದ್ದ ಹೆಂಗಸು ಮೂಟೆಯ ಹೊಲಿಗೆ ಕೊಯ್ಯುವ ಕುಡುಗೋಲು ತಂದು ಸೀರೆಯನ್ನೇ ಕೊಯ್ದು ಬಿಡಿಸಿದಳು. ಮುಂಗೈಯ ಚರ್ಮ ಸುಲಿದುಹೋಗಿತ್ತು. ಕೈ ಉಳಿಯಿತು.

ಗುಂಡ್ಲುಪೇಟೆಗೆ ಹೋಗಿ ಕಟ್ಟು ಹಾಕಿಸಿಕೊಂಡು ವಾಪಸ್ ಬರುವಾಗ ಕಾರಿನಲ್ಲಿ ಆಕೆ ಕೇಳಿದ್ದು ಒಂದೇ ಮಾತು. "ನಾಳಿಕ್ಕೆ ನನ್ ಜಾಗಕ್ಕೆ ಬ್ಯಾರೆವ್ರ ಹಾಕ್ಬುಟ್ಟಾರ ಬುದ್ದಿ?"

ಎರಡು ದಿನ ಬಿಟ್ಟು ಸವಿತಾಳನ್ನು ಕರೆದುಕೊಂಡು ಹೋದೆ. ನನಗೆ ಪರಿಚಯದ ಚಂದಕವಾಡಿಯ ಹುಡುಗಿ. ಮೈಸೂರಿನ ಒಂದು ಫ್ಯಾಕ್ಟರಿಯಲ್ಲಿ ಸಾಲುಸಾಲು ಮೋಟರುಗಳಿಗೆ ವೈರಿಂಗ್ ಮಾಡಿಸುವುದೇ ಅವಳ ಕೆಲಸ. ಮಿಲ್ಲಿನಲ್ಲಿ ಮೂವರು ಅಣ್ಣತಮ್ಮಂದಿರೂ ಹಾಜರಿದ್ದರು.

"ಇಷ್ಟೊಂದು ಕೇಬಲ್ ಯಾಕೆ? ನಿಮ್ಮ ಬಾಳೆ ತೋಟದ ಡ್ರಿಪ್ ಹೆಂಗಿದೆ? ಒಂದು ಪೈಪು, ಗಿಡಗಿಡಕ್ಕೂ ಅದರಿಂದಲೇ ನೀರು. ಒಂದೊಂದು ಬಾಳೆಗೂ ಒಂದೊಂದು ಬೋರ್‌ವೆಲ್ ಕೊರೆಸ್ತೀರಾ?" ಎಂದಳು. ಒಂದೇ ದಪ್ಪ ಲೈನು ಗೋಡೆಯುದ್ದಕ್ಕೂ ಹೋಗುತ್ತದೆ, ಮೋಟರು ಇದ್ದಲ್ಲೆಲ್ಲ ಅದರಿಂದ ಒಂದು ಕನೆಕ್ಷನ್, ಒಂದು ಕೆಟ್ಟರೆ ಅದನ್ನಷ್ಟೇ ಬಿಚ್ಚಬಹುದು. ಆರಿಸುವವರ ಕೈಗೆ ಸಿಗುವಂತೆ ಅಲ್ಲಲ್ಲಿ ಕೆಂಪು ಗುಂಡಿ. ಯಾವುದನ್ನು ಒತ್ತಿದರೂ ಏಳೂ ನಿಲ್ಲಬೇಕು.

"ಏಳೂವೆ?" ಭಾವ ಬೆಚ್ಚಿಬಿದ್ದರು. "ಅವುನ್ ಬೆಲ್ಟ್‌ಗೆ ಏನಾರ ಆದ್ರೆ ನನ್ ಡ್ರಮ್ ಯಾಕ್ ನಿಲ್ಬೇಕು?"

"ಮೇನ್ ಸ್ವಿಚ್ಚ ಎಲ್ಲಿ ಇಕ್ಕೀಯ ಕಣಮ್ಮಿ?" ನಡುವಿನವರಿಗೆ ಅದೊಂದೇ ಚಿಂತೆ.

"ನನ್ ಕ್ವಾಣೆಲೇ ಇರ್ಲಿ. ಬ್ಯಾಕಾರೆ ವಸ ಬೀಗ ತತ್ತೀನಿ" ಎಂದರು ಕಿರಿಯರು. (ಅವರ ಉದಾರತೆ ನೋಡಿ.)

ಟೇಪು ಬಂತು. ಗೋಡೆಯ ಯಾವ ಅಡಿ ಯಾರದ್ದೆಂದು ಅಳತೆ ನಡೆಯಿತು. ಒಂದು ಗಂಟೆಯ ನಂತರ ಕೊಂಚ ಒಮ್ಮತ ಮೂಡಿತು: ಲೈನು ಒಂದೇ ಇರಲಿ, ಆದರೆ ಮೇನ್ ಮಾತ್ರ ಮೂರು ಇರಲಿ. ಒಂದು ಲೈನಿಗೆ ಮೇನ್ ಒಂದೇ ಎಂದು ಹೇಳಿ ಸವಿತಾ ಪೆನ್ನಿಗೆ ಕ್ಯಾಪು ಹಾಕಿದಳು.

ಆಗ ಭಾವ ನನ್ನನ್ನು ಪಕ್ಕಕ್ಕೆ ಕರೆದು ಮನಸ್ಸಿನಲ್ಲಿದ್ದದ್ದನ್ನು ಹೇಳಿದರು. "ಲೈನ್ ಬುಡು ಬಾಮೈದ, ಎಂಗೋ ಒಪ್ಪನ. ಆದ್ರೆ ಆ ಗುಂಡೀಯ ಆಳುಗಳ ಕೈಗ್ ಕೊಡದಾ? ಬೇಕಂದಾಗೆಲ್ಲ ಒತ್ತಿ ನಿಲ್ಸಿ ಕುಂತ್ಕಬುಡ್ತಾರೆ ಕಣಪ್ಪ."

ಅದು ಕಿವಿಗೆ ಬಿದ್ದು ತಮ್ಮಂದಿರಿಬ್ಬರೂ ಹೌದೆಂದು ತಲೆಯಾಡಿಸಿದರು. ಅಲ್ಲಿಗೆ ವಿಷಯ ವೈರಿಂಗಿನದಲ್ಲ ಎಂದಾಯಿತು. ಮಿಲ್ಲು ಓಡಿಸುವ ಸ್ವಿಚ್ಚು ನಮ್ಮದೇ ಇರಬೇಕು, ನಿಲ್ಲಿಸುವುದೂ ನಮ್ಮ ಕೈಲೇ ಇರಬೇಕು. ಅಣ್ಣನ ಕೈಗೆ ತಮ್ಮ ಕೊಡುವುದಿಲ್ಲ, ತಮ್ಮನ ಕೈಗೆ ಅಣ್ಣ ಕೊಡುವುದಿಲ್ಲ. ದಿನಗೂಲಿಯ ಹೆಂಗಸಿನ ಕೈಗಂತೂ ಕೊಡಬಾರದು ಎನ್ನುವುದರಲ್ಲಿ ಮೂವರೂ ಒಂದೇ. ಭಾಗವಾದ ಮೇಲೆ ಅವರು ಜಗಳವಿಲ್ಲದೆ ಒಪ್ಪಿದ ಮೊದಲ ಸಂಗತಿ ಇದೇ ಇರಬೇಕು. ನನಗೆ ಮೈಯೆಲ್ಲ ಉರಿಯಿತು, ಆದರೂ ಭಾವನೆದುರು ಬಾಯಿ ಬರಲಿಲ್ಲ.

ಬಾಯಿ ಬಂದದ್ದು ಅಕ್ಕನಿಗೆ. ಟೀ ತಂದವಳು ಮೂವರ ಮುಂದೆಯೂ ಲೋಟ ಇಟ್ಟು, ತಟ್ಟೆ ಎತ್ತಿಕೊಳ್ಳುತ್ತಾ ಕೇಳಿದಳು:

"ಅವತ್ತು ಸಿಕ್ಕಾಕೊಂಡಿದ್ದು ನನ್ ಸೆರಗಾಗಿದ್ರೆ, ಗುಂಡಿ ಯಾರ್ ಪಾಲ್ಗೆ ಅಂತ ಇಂಗೇ ಟೇಪ್ ಇಡ್ಕಂಡ್ ಕುಂತಿರ್ತಿದ್ರಾ?"