ಕಾಳಮ್ಮನವರ ಮೊದಲ ತುತ್ತು

ಹಾಸನಕ್ಕೆ ಬಂದ ದಿನ ಬಾಡಿಗೆ ಮನೆಯ ಒಡತಿ ತಟ್ಟೆಗೆ ಬಿಸಿ ಮುದ್ದೆ ಹಾಕಿ, ನಾನು ತಿನ್ನುವುದನ್ನು ನೋಡಿ ಕೂಗಿಯೇಬಿಟ್ಟರು: “ಅಯ್ಯೋ, ಅಗೀಬ್ಯಾಡ ಕಣವ್ವ! ಅಂಗೇ ನುಂಗು!”

ಸುರಪುರದ ನನಗೆ ಊಟವೆಂದರೆ ಕಟಕಟ ಅಗಿಯುವ ಜೋಳದ ರೊಟ್ಟಿ. ಇಲ್ಲಿಯವರು ರಾಗಿಯ ಉಂಡೆಯನ್ನು ಮುರಿದು, ಸಾರಿನಲ್ಲಿ ಅದ್ದಿ, ಹಲ್ಲಿಗೆ ತಾಗಿಸದೆ ಒಳಗಿಳಿಸುತ್ತಾರೆ. ‘ಹಂಗೆ’ ಇಲ್ಲಿ ‘ಅಂಗೆ’, ‘ಹೋಗು’ ಇಲ್ಲಿ ‘ಓಗು’. ಹಕಾರವನ್ನೂ ಮುದ್ದೆಯ ಜೊತೆ ನುಂಗಿದ್ದಾರೆ ಎನ್ನಿಸಿತು. ನಾನು ಮಾತಿಗೊಮ್ಮೆ ‘ರೀ’ ಹಚ್ಚಿದರೆ ತರಕಾರಿ ಅಂಗಡಿಯವರು ನಗುತ್ತಿದ್ದರು.

ನನ್ನ ಗಂಡನಿಗೆ ಬೂವನಹಳ್ಳಿಯ ವಿಮಾನ ನಿಲ್ದಾಣದ ಕಾಮಗಾರಿಯಲ್ಲಿ ಜೆಸಿಬಿ ಓಡಿಸುವ ಕೆಲಸ. ಹಗಲೆಲ್ಲ ಒಬ್ಬಳೇ ಇರಲಾರದೆ ನಾನು ಮನೆ ಆರೈಕೆಯ ಸಂಸ್ಥೆಯೊಂದನ್ನು ಸೇರಿದೆ. ರೋಗಿಯ ಮನೆಗೇ ಹೋಗಿ ನೋಡಿಕೊಳ್ಳುವ ಕೆಲಸ. ಕೈ ತೊಳೆಯುವುದರಿಂದ ಹಿಡಿದು ರೋಗಿಯನ್ನು ಮಗ್ಗುಲಾಗಿಸುವವರೆಗೆ ಎಲ್ಲವನ್ನೂ ಮೇಲ್ವಿಚಾರಕಿ ಲತಾ ಸಿಸ್ಟರ್ ಕಲಿಸಿದರು. ಒಂದು ಮಾತನ್ನು ಮಾತ್ರ ಮತ್ತೆ ಮತ್ತೆ ಹೇಳಿದ್ದರು: ಲಕ್ವ ಹೊಡೆದವರು ಕೆಮ್ಮುತ್ತ ನುಂಗುತ್ತಿದ್ದರೆ, ನುಂಗುವ ಪರೀಕ್ಷೆಯಾಗುವ ತನಕ ಗಟ್ಟಿ ಊಟ ಕೂಡದು, ಯಾರು ಬೈದರೂ ಕೂಡದು.

ಬೈಗುಳ ಸಿಕ್ಕಿದ್ದು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನಲ್ಲಿ. ಅಲ್ಲಿನ ಕಾಳಮ್ಮನವರು ಮಗ ಸೊಸೆಯರ ಜೊತೆ ತುಂಬಿದ ಮನೆಯಲ್ಲಿದ್ದವರು. ಲಕ್ವ ಹೊಡೆದು ಬಲಗೈ ಸೋತಿತ್ತು, ಮಾತು ತೊದಲುತ್ತಿತ್ತು. ನೀರು ಕುಡಿದರೂ ಕೆಮ್ಮು. ನಾನು ಅವರನ್ನು ನೆಟ್ಟಗೆ ಕೂರಿಸಿ, ಮಂದವಾದ ಗಂಜಿಯನ್ನು ಚಮಚದ ತುದಿಯಲ್ಲಿ ಕೊಡುತ್ತಿದ್ದೆ. ಅವರು ಮುಖ ತಿರುಗಿಸುತ್ತಿದ್ದರು.

ಅರಕಲಗೂಡಿನಿಂದ ಬಂದ ಅವರ ಅಕ್ಕ ಚಿಕ್ಕತಾಯಮ್ಮನವರಿಗೆ ಇದನ್ನು ನೋಡಿ ತಡೆಯಲಾಗಲಿಲ್ಲ.

“ಮುದ್ದೆ ಇಲ್ದೆ ಸಕ್ತಿ ಎಲ್ಲಿಂದ ಬತ್ತದೆ? ರೊಟ್ಟಿ ತಿನ್ನೋಳ್ಗೆ ಏನ್ ಗೊತ್ತು? ನನ್ ತಂಗೀನ ಉಪಾಸ ಕೆಡವ್ತಾವ್ಳೆ!”

“ಬ್ಯಾಡ್ರೀ ಅಮ್ಮ, ಗಂಟಲಾಗ ಸಿಗತದ” ಎಂದೆ. ಅವರು ಕಾಳಮ್ಮನವರ ಮಗ ರಮೇಶಣ್ಣನ ಕಡೆ ತಿರುಗಿ, “ಇವಳ್ನ ಕಳಿಸ್ಬುಡ್ಲಾ” ಎಂದರು. ಆತ ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಗೆ ನಡೆದ. ನಾನು ಲತಾ ಸಿಸ್ಟರಿಗೆ ಫೋನ್ ಮಾಡಿದೆ. “ನೀನು ಬಗ್ಗಬೇಡ. ನಾಳೆ ನಾನೇ ಬತ್ತೀನಿ” ಎಂದರು. ಪರದೇಶದಂಥ ಊರಲ್ಲಿ ನನ್ನ ಬೆನ್ನಿಗೂ ಒಬ್ಬರಿದ್ದಾರೆ ಎಂದು ಮೊದಲ ಬಾರಿ ಅನ್ನಿಸಿತು.

ಮರುದಿನ ಅವರು ಬರುವ ಮೊದಲೇ ಅದು ನಡೆದುಹೋಯಿತು. ನಾನು ಹಿತ್ತಲಲ್ಲಿ ಹೊದಿಕೆ ಒಣಹಾಕುತ್ತಿದ್ದಾಗ ಒಳಗಿನಿಂದ ಚಿಕ್ಕತಾಯಮ್ಮನವರ ಚೀರಾಟ ಕೇಳಿಸಿತು. ಓಡಿ ಬಂದರೆ ಕಾಳಮ್ಮನವರ ಕಣ್ಣು ಮೇಲೆ ಸಿಕ್ಕಿಕೊಂಡಿದೆ, ಉಸಿರಿಲ್ಲ, ಸದ್ದಿಲ್ಲ. ಅವರನ್ನು ಮುಂದಕ್ಕೆ ಬಗ್ಗಿಸಿ, ಎದೆಗೆ ಕೈ ಆನಿಸಿ, ಬೆನ್ನಿನ ನಡುವೆ ಬಲವಾಗಿ ಗುದ್ದಿದೆ. ಮತ್ತೆ ಗುದ್ದಿದೆ. ಕಲಿತದ್ದನ್ನು ಕೈ ನೆನಪಿಟ್ಟುಕೊಂಡಿತ್ತು. ನಾನಂತೂ ದೇವರನ್ನು ಕರೆಯುತ್ತಿದ್ದೆ. ಕೊನೆಗೆ ಮುದ್ದೆಯ ತುಂಡು ನೆಲಕ್ಕೆ ಬಿತ್ತು. ಕಾಳಮ್ಮನವರು ಗಟ್ಟಿಯಾಗಿ ಅತ್ತರು. ಆ ಅಳುವಿನಷ್ಟು ಇಂಪಾದ ಸದ್ದನ್ನು ನಾನು ಕೇಳಿಲ್ಲ.

ಚಿಕ್ಕತಾಯಮ್ಮನವರು ನನ್ನ ಕೈ ಹಿಡಿದರು. “ಆಸೆಗ್ ಕೊಟ್ಬುಟ್ಟೆ ಕಣವ್ವ” ಎಂದರು. ನನಗೆ ಸಿಟ್ಟು ಬರಲಿಲ್ಲ. ತಂಗಿಗೆ ಉಣ್ಣಿಸುವ ಆಸೆ ಯಾವ ಊರಲ್ಲಾದರೂ ಒಂದೇ.

ಅಷ್ಟರಲ್ಲಿ ಬಂದ ಲತಾ ಸಿಸ್ಟರ್ ಕಾಳಮ್ಮನವರನ್ನು ಹಾಸನದ ಆಸ್ಪತ್ರೆಗೆ ಕರೆದೊಯ್ದರು. ವೈದ್ಯರು ಎದೆ ಪರೀಕ್ಷಿಸಿ ಭಯವಿಲ್ಲವೆಂದರು. ನುಂಗುವಿಕೆಯ ತಜ್ಞೆ ನಾಲಿಗೆಗೂ ಗಂಟಲಿಗೂ ವ್ಯಾಯಾಮ ಕಲಿಸಿದರು. ಮರಳಿ ಊರಿಗೆ ಹೋಗದೆ ಉಳಿದ ಚಿಕ್ಕತಾಯಮ್ಮನವರು ದಿನವೂ ತಂಗಿಯ ಎದುರು ಕೂತು, ತಾವೂ ನಾಲಿಗೆ ಚಾಚಿ, ಕೆನ್ನೆ ಉಬ್ಬಿಸಿ ಮಾಡಿ ತೋರಿಸುತ್ತಿದ್ದರು. ಅಕ್ಕತಂಗಿಯರ ಆ ಮುಖಗಳನ್ನು ನೋಡಿ ಮನೆಯೆಲ್ಲ ನಗುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ತಜ್ಞೆ ಒಪ್ಪಿಗೆ ಕೊಟ್ಟರು: ಮೆತ್ತಗಿನ ಮುದ್ದೆ, ಕಡಲೆಕಾಳಿನಷ್ಟು, ನನ್ನ ಕಣ್ಣೆದುರಿಗೆ. ಮನೆಮಂದಿಯೆಲ್ಲ ಸುತ್ತ ನಿಂತರು. ಕಾಳಮ್ಮನವರು ಗದ್ದ ತಗ್ಗಿಸಿ ನುಂಗಿದರು. ಕೆಮ್ಮಲಿಲ್ಲ. ಆಮೇಲೆ ಅಕ್ಕನನ್ನು ದುರುಗುಟ್ಟಿ ನೋಡಿ, ತೊದಲದೆ ಹೇಳಿದರು: “ಸಾರ್ಗೆ ಉಪ್ಪೇ ಇಲ್ವಲ್ಲೇ!”

ರಮೇಶಣ್ಣ ನಗುತ್ತ ಕಣ್ಣೊರೆಸಿಕೊಂಡ. ನಾನು ಹಿತ್ತಲಿಗೆ ಹೋಗಿ ಒಬ್ಬಳೇ ಕುಣಿದೆ. ಸುಳ್ಳಲ್ಲ, ನಿಜವಾಗಿ ಕುಣಿದೆ.

ಈಗ ಹೊಳೆನರಸೀಪುರದಲ್ಲಿ ನಮ್ಮ ಸಂಸ್ಥೆಗೆ ಹೊಸದಾಗಿ ಸೇರಿದವರಿಗೆ ಉಣ್ಣಿಸುವ ಪಾಠವನ್ನು ನಾನೇ ಹೇಳುತ್ತೇನೆ. ನನ್ನ ‘ರೀ’ಗೆ ಯಾರೂ ನಗುವುದಿಲ್ಲ.

ಮೊನ್ನೆ ಸುರಪುರಕ್ಕೆ ಹೋದಾಗ ಅವ್ವನ ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿದೆ. ಜಾರಿದರೆ ಹಿಡಿಯಲು ಅಲ್ಲಿ ನಾನಿರುವುದಿಲ್ಲವಲ್ಲ. ಅವ್ವ ಅದನ್ನು ಎಳೆದೆಳೆದು ನೋಡಿ ಕೇಳಿದಳು: “ನಿಮ್ಮೂರಾಗ ಎಲ್ಲಾರ ಮನ್ಯಾಗೂ ಹಿಂಗ ಹಾಕಸ್ತಾರೇನು?”

“ಹೌದವ್ವ, ನಮ್ಮೂರಾಗ ಹಾಕಸ್ತಾರ” ಎಂದುಬಿಟ್ಟೆ, ನಾನು ಹುಟ್ಟಿದ ಮನೆಯಲ್ಲೇ ನಿಂತು. ಅವ್ವ ಹಿಡಿಕೆಯ ಮೇಲಿದ್ದ ನನ್ನ ಕೈಮೇಲೆ ತನ್ನ ಕೈ ಇಟ್ಟಳು.